ಸೈಕಲ್ ಎಂಜಿನ್ ಕಿಟ್: ಪ್ಲಗ್ ಕಪ್ಪು, ಬಿಸಿಯಾದ ಮೇಲೆ ರೈಸ್ ಇಳಿಯಲ್ಲ. ಕಾರ್ಬೊರೇಟರ್ ಎಲ್ಲಿಂದ ಹಿಡಿಯೋದು?

ಹಿಪ್ಪುನೇರಳೆ, ಶಿಡ್ಲಘಟ್ಟ

ಎಲ್ಲರಿಗೂ ನಮಸ್ಕಾರ. 22 ಇಂಚಿನ ಕರಿ ಸೈಕಲ್‌ಗೆ ಎರಡು ಸ್ಟ್ರೋಕಿನ ಚೈನಾ ಎಂಜಿನ್ ಕಿಟ್ ಕೂರಿಸಿದ್ದೇನೆ. ತೋಟದ ಒಳಗೆ ಸೊಪ್ಪಿನ ಮೂಟೆ ಹೇರಿಕೊಂಡು ರೇಷ್ಮೆ ಹುಳದ ಮನೆವರೆಗೆ ಓಡಿಸೋದಕ್ಕೆ ಮಾತ್ರ. ಮಾರಿದವರು 80 ಸಿಸಿ ಅಂತ ಹೇಳಿದ್ದು. ಕಾರ್ಬೊರೇಟರ್ ಕಿಟ್ ಜೊತೆಗೇ ಬಂದ ಎನ್‌ಟಿ ಮಾದರಿ, ಹೊರಗಡೆ ಒಂದೇ ಒಂದು ಸ್ಕ್ರೂ ಇದೆ. ರನ್ನಿಂಗ್-ಇನ್ (ಹೊಸ ಎಂಜಿನ್ ಪಳಗಿಸೋ ಓಟ) ಮುಗಿದಿದೆ. ಪೆಟ್ರೋಲ್ ಲೀಟರ್‌ಗೆ 2ಟಿ ಆಯಿಲ್ 60 ಮಿ.ಲೀ. ಹಾಕ್ತಿದ್ದೇನೆ.

ತೊಂದರೆ ಹೀಗಿದೆ. ತಣ್ಣಗಿದ್ದಾಗಲೂ ಚೋಕ್ ಇಲ್ಲದೆ ಸ್ಟಾರ್ಟ್ ಆಗುತ್ತೆ. ಅರ್ಧ ಎಕ್ಸಲೇಟರ್ ದಾಟಿದ ಮೇಲೆ ಗಡಗಡ ಅಂತ ಮಿಸ್ ಹೊಡೆಯುತ್ತೆ, ಹೊಗೆ ಜಾಸ್ತಿ, ಮೂಟೆ ಇದ್ದರೆ ಎಳೆಯೋದೇ ಇಲ್ಲ. ಚೆನ್ನಾಗಿ ಬಿಸಿಯಾದ ಮೇಲೆ ಎಕ್ಸಲೇಟರ್ ಪೂರ್ತಿ ಬಿಟ್ಟರೂ ರೈಸ್ (ಎಂಜಿನ್ ತಿರುಗೋ ವೇಗ) ತಕ್ಷಣ ಇಳಿಯಲ್ಲ, ಒಮ್ಮೊಮ್ಮೆ ತಾನಾಗೇ ಏರುತ್ತೆ. ಪ್ಲಗ್ ಬಿಚ್ಚಿದರೆ ಕಪ್ಪು, ಒದ್ದೆ. ರಾತ್ರಿ ನಿಲ್ಲಿಸಿದರೆ ಬೆಳಗ್ಗೆ ಕಾರ್ಬೊರೇಟರ್ ಕೆಳಗೆ ಪೆಟ್ರೋಲ್ ಕಲೆ ಇರುತ್ತೆ.

ಇಲ್ಲಿ ಗ್ಯಾರೇಜ್‌ನವರು ಜೆಟ್ (ಕಾರ್ಬೊರೇಟರ್ ಒಳಗೆ ಪೆಟ್ರೋಲ್ ಹಾಯೋ ಸಣ್ಣ ಕಿಂಡಿಯ ಹಿತ್ತಾಳೆ ತುಂಡು) ಚಿಕ್ಕದು ಮಾಡಿಸಿ ಅಂದರು. ಹೊರದೇಶದ ವೀಡಿಯೊಗಳಲ್ಲೂ ಎತ್ತರದ ಊರಲ್ಲಿ ಜೆಟ್ ಇಳಿಸಬೇಕು ಅಂತಾರೆ. ಚಿಕ್ಕ ಜೆಟ್ ಎಲ್ಲಿ ಸಿಗುತ್ತೆ, ಎಷ್ಟು ನಂಬರ್ ತರಬೇಕು ಅಂತ ತಿಳಿದವರು ಹೇಳಿ.

ಬಂಗಾರಪೇಟೆ ಸ್ಪ್ಯಾನರ್

ಅಣ್ಣ, ಜೆಟ್‌ಗೆ ಈಗಲೇ ಕೈ ಹಾಕಬೇಡಿ. ನೀವು ಹೇಳಿದ್ದರಲ್ಲಿ ಎರಡು ಕಾಯಿಲೆ ಇವೆ, ಒಂದಕ್ಕೊಂದು ಉಲ್ಟಾ. ಪ್ಲಗ್ ಕಪ್ಪು, ಗಡಗಡ, ಚೋಕ್ ಇಲ್ಲದೆ ಸ್ಟಾರ್ಟ್, ಕೆಳಗೆ ಕಲೆ, ಇವೆಲ್ಲ ಪೆಟ್ರೋಲ್ ಜಾಸ್ತಿ ಹೋಗ್ತಿರೋ ಲಕ್ಷಣ. ಬಿಸಿಯಾದ ಮೇಲೆ ರೈಸ್ ಇಳಿಯದೆ ತೂಗಾಡೋದು ಗಾಳಿ ಜಾಸ್ತಿ ಹೋಗ್ತಿರೋ ಲಕ್ಷಣ. ಎರಡೂ ಒಂದೇ ಗಾಡಿಯಲ್ಲಿ ಹೇಗೆ ಅಂದ್ರೆ, ಐಡ್ಲಿಂಗ್‌ನಲ್ಲಿ ಎಂಜಿನ್ ಎಳೆಯೋ ಗಾಳಿಯೇ ಸ್ವಲ್ಪ. ಎಲ್ಲೋ ಸಣ್ಣ ಸಂದಿಯಲ್ಲಿ ಕಳ್ಳಗಾಳಿ ನುಗ್ಗಿದರೂ ಆಗ ಅದೇ ದೊಡ್ಡ ಪಾಲು. ಎಕ್ಸಲೇಟರ್ ತೆಗೆದಾಗ ಕಾರ್ಬೊರೇಟರ್ ಮೂಲಕವೇ ಗಾಳಿ ರಾಶಿ ಬರುತ್ತೆ, ಆ ಸಂದಿಯ ಗಾಳಿ ಲೆಕ್ಕಕ್ಕೇ ಬರಲ್ಲ, ಕಾರ್ಬೊರೇಟರ್ ತಳದ ಬೌಲ್‌ನಲ್ಲಿ ತುಂಬಿ ಹರಿಯೋ ಪೆಟ್ರೋಲ್ ಮೇಲುಗೈ ಆಗುತ್ತೆ. ಈ ಸ್ಥಿತಿಯಲ್ಲಿ ಜೆಟ್ ಚಿಕ್ಕದು ಮಾಡಿದರೆ ಗಡಗಡ ನಿಲ್ಲಬಹುದು, ಆದರೆ ಮುಂದೆ ಫ್ಲೋಟ್ (ಬೌಲ್‌ನಲ್ಲಿ ಪೆಟ್ರೋಲ್ ಮಟ್ಟ ಕಾಯೋ ತೇಲುಬುರುಡೆ) ಸರಿ ಮಾಡಿದ ದಿನ ಲೀನ್ ಆಗಿ, ಅಂದ್ರೆ ಗಾಳಿಗೆ ಪೆಟ್ರೋಲ್ ಸಾಲದೆ, ಪಿಸ್ಟನ್ ಕಾದು ಸೀಜ್ ಆಗುತ್ತೆ.

ಮೊದಲು ಕಳ್ಳಗಾಳಿ ಹಿಡೀರಿ. ಎಂಜಿನ್ ಬಿಸಿ ಮಾಡಿ ಐಡ್ಲಿಂಗ್‌ನಲ್ಲಿ ಬಿಡಿ. ಸ್ಪ್ರೇ ಬಾಟಲಿಯಲ್ಲಿ ಸೋಪಿನ ನೀರು ತಗೊಂಡು ಎರಡು ಕಡೆ ಮಾತ್ರ ಸ್ವಲ್ಪ ಸ್ವಲ್ಪ ಹೊಡೀರಿ: ಕಾರ್ಬೊರೇಟರ್ ಮೂತಿ ಮ್ಯಾನಿಫೋಲ್ಡ್ ಪೈಪ್ (ಕಾರ್ಬೊರೇಟರನ್ನ ಸಿಲಿಂಡರ್‌ಗೆ ಸೇರಿಸೋ ಪೈಪ್) ಮೇಲೆ ಕೂರೋ ಜಾಗ, ಆಮೇಲೆ ಮ್ಯಾನಿಫೋಲ್ಡ್ ಸಿಲಿಂಡರ್‌ಗೆ ಸೇರೋ ಪ್ಯಾಕಿಂಗ್ ಜಾಗ. ನೀರು ಬಿದ್ದ ಗಳಿಗೆಗೆ ರೈಸ್ ಇಳಿದರೆ ಅಥವಾ ಎಂಜಿನ್ ತಡವರಿಸಿದರೆ ಸಂದಿ ಅಲ್ಲೇ. ಇದಕ್ಕೆ ಪೆಟ್ರೋಲ್ ಚಿಮುಕಿಸೋರು ಇದ್ದಾರೆ, ದಯವಿಟ್ಟು ಬೇಡ, ಸೈಲೆನ್ಸರ್ ಗೇಣು ದೂರದಲ್ಲೇ ಇರುತ್ತೆ.

ಎನ್‌ಟಿ ಕಾರ್ಬೊರೇಟರ್‌ನ ಮೂತಿಯಲ್ಲಿ ಕ್ಲಾಂಪ್ ಬಿಗಿಯಲಿ ಅಂತ ಒಂದು ಸೀಳು ಇದೆ. ಕಾರ್ಬೊರೇಟರ್ ಪೂರ್ತಿ ಒಳಕ್ಕೆ ತಳ್ಳದಿದ್ದರೆ ಆ ಸೀಳೇ ಗಾಳಿ ಎಳೆಯುತ್ತೆ. ಹೆಚ್ಚು ಪಾಲು ಕಿಟ್‌ಗಳಲ್ಲಿ ತಪ್ಪು ಇಲ್ಲೇ. ಕಾರ್ಬೊರೇಟರ್ ಕಳಚಿ, ಮೂತಿಯ ಒಳಗೆ ಮ್ಯಾನಿಫೋಲ್ಡ್ ಪೈಪಿನ ತುದಿ ಬಂದು ಮುಟ್ಟೋ ಮೆಟ್ಟಿಲಿನ ಮೇಲೆ ಪೆಟ್ರೋಲ್ ತಡೆಯೋ ಒಂದು ಓ-ರಿಂಗ್ ಕೂರಿಸಿ, ಮತ್ತೆ ತಳ್ಳಿ ಒತ್ತಿ ಹಿಡಿದುಕೊಂಡೇ ಕ್ಲಾಂಪ್ ಬಿಗಿ ಮಾಡಿ. ಸಿಲಿಂಡರ್ ಕಡೆ ಪ್ಯಾಕಿಂಗ್ ಕಿಟ್‌ನ ಪೇಪರ್‌ದಾದರೆ ಬಿಸಾಕಿ. ಗ್ಯಾಸ್ಕೆಟ್ ಶೀಟ್ ತಂದು ಹೊಸದು ಕತ್ತರಿಸಿ, ಕಿಂಡಿ ಪೋರ್ಟ್‌ಗಿಂತ ಚಿಕ್ಕದಾಗಬಾರದು. ಮ್ಯಾನಿಫೋಲ್ಡ್‌ನ ಮುಖ ಸಮತಟ್ಟು ಇಲ್ಲದಿದ್ದರೆ ಗಾಜಿನ ಮೇಲೆ ನೀರು ಎಮರಿ ಪೇಪರ್ ಇಟ್ಟು ಉಜ್ಜಿ. ನಟ್ ಎರಡನ್ನೂ ಒಂದೊಂದು ಸುತ್ತಿನಂತೆ ಸಮವಾಗಿ ಬಿಗಿಸಿ. ಒಂದನ್ನೇ ಪೂರ್ತಿ ಎಳೆದರೆ ಆ ಕಡೆ ಕಚ್ಚಿ ಈ ಕಡೆ ಬಾಯಿ ಬಿಡುತ್ತೆ.

ಎರಡೂ ಜಾಗ ಭದ್ರ ಆದ ಮೇಲೂ ರೈಸ್ ತೂಗಾಡಿದರೆ ಮ್ಯಾಗ್ನೆಟ್ ಕವರ್ ತೆಗೆದು ನೋಡಿ. ಒಳಗೆ ಎಣ್ಣೆ ಜಿಡ್ಡು ಒದ್ದೆಯಾಗಿ ಹರಡಿದ್ದರೆ ಕ್ರ್ಯಾಂಕ್‌ನ ಆಯಿಲ್ ಸೀಲ್ ಹೋಗಿದೆ. ಅದಕ್ಕೆ ಕಾರ್ಬೊರೇಟರ್‌ನಲ್ಲಿ ಮದ್ದಿಲ್ಲ.

ಆಮೇಲೆ ಫ್ಲೋಟ್. ಕಾಕ್ ಮುಚ್ಚಿ, ಬೌಲ್ ಬಿಚ್ಚಿ. ಬೌಲ್ ತಳದಲ್ಲಿ ಮಣ್ಣು, ತುಕ್ಕು, ನೀರಿನ ಗುಂಡು ಇದೆಯಾ ನೋಡಿ. ಫ್ಲೋಟ್ ನೀಡಲ್ ತೆಗೆದು ತುದಿಯಲ್ಲಿ ಉಂಗುರದ ಹಾಗೆ ತಗ್ಗು ಬಿದ್ದಿದ್ದರೆ ಬದಲಾಯಿಸಿ, ಇಲ್ಲದಿದ್ದರೆ ಅದು ಕೂರೋ ಜಾಗವನ್ನ ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿ. ಈಗ ಕಾರ್ಬೊರೇಟರ್ ತಲೆಕೆಳಗು ಹಿಡೀರಿ. ಫ್ಲೋಟ್‌ನ ಹಿತ್ತಾಳೆ ತೋಳು ಎರಡೂ ಬೌಲ್ ಪ್ಯಾಕಿಂಗ್ ಕೂರೋ ಮುಖಕ್ಕೆ ಸಮಾನಾಂತರ ಇರಬೇಕು. ತೋಳು ಕಾರ್ಬೊರೇಟರ್ ಮೈ ಕಡೆಗೆ ತಗ್ಗಿದ್ದರೆ ಪೆಟ್ರೋಲ್ ತಡವಾಗಿ ನಿಲ್ಲುತ್ತೆ, ಮಟ್ಟ ಏರುತ್ತೆ, ತುಂಬಿ ಹರಿಯುತ್ತೆ. ನೀಡಲ್ ಮುಟ್ಟೋ ಆ ಸಣ್ಣ ನಾಲಿಗೆಯನ್ನ ಚೂಪು ಮೂತಿಯ ಇಕ್ಕಳದಲ್ಲಿ ಕೂದಲೆಳೆಯಷ್ಟು ಬಗ್ಗಿಸಿ, ಮತ್ತೆ ನೋಡಿ. ನೀಡಲ್ ಮೇಲೆ ಒತ್ತಡ ಹಾಕಿ ಬಗ್ಗಿಸಬೇಡಿ, ತುದಿ ಹಾಳಾಗುತ್ತೆ.

ಇನ್ನೊಂದು. ಕರಿ ಸೈಕಲ್ ಫ್ರೇಮ್‌ನಲ್ಲಿ ಎಂಜಿನ್ ಸ್ವಲ್ಪ ಹಿಂದಕ್ಕೆ ವಾಲಿ ಕೂರುತ್ತೆ. ಕಾರ್ಬೊರೇಟರ್ ಅಡ್ಡಕ್ಕೂ ವಾಲಿದ್ದರೆ ಫ್ಲೋಟ್ ಮಟ್ಟ ಎಷ್ಟು ಸರಿ ಮಾಡಿದರೂ ಪ್ರಯೋಜನ ಇಲ್ಲ. ಹಿಂದಿನಿಂದ ನಿಂತು ನೋಡಿದಾಗ ಬೌಲ್ ನೆಟ್ಟಗೆ ಕೆಳಮುಖ ಇರೋ ಹಾಗೆ ತಿರುಗಿಸಿ ಆಮೇಲೆ ಕ್ಲಾಂಪ್ ಬಿಗಿಸಿ.

ಇಷ್ಟು ಮಾಡಿ, ಹೊಸ ಪ್ಲಗ್ ಹಾಕಿ ಏನಾಯ್ತು ತಿಳಿಸಿ. ಎನ್‌ಜಿಕೆ ಬಿ6ಎಚ್‌ಎಸ್ ಸರಿಹೊಂದುತ್ತೆ, ಗ್ಯಾಪ್ 0.6 ಮಿ.ಮೀ. ಮುಂದಿನದ್ದು ಆಮೇಲೆ.

ಮಧುಗಿರಿ ಎಕ್ಸ್‌ಎಲ್

60 ಮಿ.ಲೀ. ಆಯಿಲ್ ಹಾಕಿದರೆ ಯಾವ ಪ್ಲಗ್ ತಾನೇ ಬೆಳ್ಳಗಿರುತ್ತೆ? ಹಳೇ ಎರಡು ಸ್ಟ್ರೋಕಿನ ಟಿವಿಎಸ್ ಎಕ್ಸ್‌ಎಲ್‌ಗೆ ಲೀಟರ್‌ಗೆ 20 ಮಿ.ಲೀ. ಹಾಕಿ ಎರಡು ಮೂಟೆ ಹೇರ್ತಾರೆ, ಏನೂ ಆಗಲ್ಲ. ನೀವೂ 20ಕ್ಕೆ ಇಳಿಸಿ, ಅರ್ಧ ಸಮಸ್ಯೆ ಅಲ್ಲೇ ಮುಗೀತು.

ಕೋಲಾರ ಲೇತ್

20ಕ್ಕೆ ಇಳಿಸಬೇಡಿ. ಎಕ್ಸ್‌ಎಲ್ ಎಂಜಿನ್‌ನ ಬೇರಿಂಗ್, ಪಿಸ್ಟನ್ನು, ಬೋರಿನ ಫಿನಿಶ್ ಬೇರೆ ಮಟ್ಟದವು. ಅದರ ಅಳತೆಯನ್ನು ಈ ಕಿಟ್‌ಗೆ ತಂದು ಹಾಕಿದರೆ ಮೊದಲು ಸೊರಗುವುದು ಕನೆಕ್ಟಿಂಗ್ ರಾಡ್‌ನ ಮೇಲಿನ ಬೇರಿಂಗು. ರನ್ನಿಂಗ್-ಇನ್‌ನಲ್ಲಿ 1ಕ್ಕೆ 16, ಅಂದರೆ ಲೀಟರ್‌ಗೆ ಸುಮಾರು 62 ಮಿ.ಲೀ. ಸರಿ. ಅದು ಮುಗಿದ ಮೇಲೆ ಒಳ್ಳೆಯ 2ಟಿ ಆಯಿಲ್, ಡಬ್ಬಿಯ ಮೇಲೆ ಜಾಸೊ (ಜಪಾನಿನ ಗುಣಮಟ್ಟದ ಗುರುತು) ಎಫ್‌ಸಿ ಅಥವಾ ಎಫ್‌ಡಿ ಎಂದು ಇರುವುದು, ಲೀಟರ್‌ಗೆ 40 ಮಿ.ಲೀ. ಸಾಕು. ಮೂಟೆ ಹೊರುವ ಗಾಡಿಗೆ ಅದಕ್ಕಿಂತ ಕೆಳಗೆ ಇಳಿಯಬೇಡಿ. ಅಳತೆಗೆ ಮೆಡಿಕಲ್ ಶಾಪಿನ ಸಿರಿಂಜ್ ಬಳಸಿ, ಮುಚ್ಚಳದ ಲೆಕ್ಕ ಬೇಡ.

ಆಯಿಲ್ ಕಡಿಮೆ ಮಾಡಿದರೆ ಮಿಶ್ರಣ ಲೀನ್ ಆಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಆಗುವುದು ಅದಕ್ಕೆ ಉಲ್ಟಾ. ಜೆಟ್‌ನಲ್ಲಿ ಹಾದುಹೋಗುವುದು ಪೆಟ್ರೋಲ್ ಮತ್ತು ಆಯಿಲ್ ಸೇರಿದ ದ್ರವ. ಆಯಿಲ್ ಪಾಲು ಇಳಿದರೆ ಪೆಟ್ರೋಲ್ ಪಾಲು ಏರುತ್ತದೆ. 60ರಿಂದ 40ಕ್ಕೆ ಬಂದರೆ ಸುಮಾರು 2 ಶೇಕಡ ರಿಚ್, ಅಂದರೆ ಗಾಳಿಗೆ ಪೆಟ್ರೋಲ್ ಹೆಚ್ಚು. ಚಿಕ್ಕ ವ್ಯತ್ಯಾಸವೇ, ಆದರೆ ಟ್ಯೂನಿಂಗ್ ಶುರು ಮಾಡುವ ಮೊದಲೇ ಆಯಿಲ್ ಅಳತೆ ನಿಗದಿ ಮಾಡಿಬಿಡಿ, ನಡುವೆ ಬದಲಾಯಿಸಿದರೆ ಮಾಡಿದ ಕೆಲಸ ವ್ಯರ್ಥ.

ಈಗ ಎತ್ತರದ ವಿಷಯ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟದ ಕಡೆ ನೆಲ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟಕ್ಕಿಂತ ಸುಮಾರು 8 ಶೇಕಡ ಕಡಿಮೆ. ಕಾರ್ಬೊರೇಟರ್‌ನಲ್ಲಿ ಗಾಳಿ ತೆಳುವಾದಷ್ಟೂ ಅದು ಪೆಟ್ರೋಲನ್ನು ಎಳೆಯುವ ಸೆಳೆತವೂ ಕುಗ್ಗುತ್ತದೆ, ಹಾಗಾಗಿ ಮಿಶ್ರಣ ಪೂರ್ತಿ 8 ಶೇಕಡ ಏರದೆ ಅದರ ಅರ್ಧ, 4 ಶೇಕಡದಷ್ಟು ರಿಚ್ ಆಗುತ್ತದೆ. ಜೆಟ್ ಇಳಿಸಿ ಎನ್ನುವ ಮಾತು ಇಷ್ಟರ ಮಟ್ಟಿಗೆ ನಿಜ.

ಆದರೆ ಆ ಮಾತು ಬರುವ ಊರುಗಳ ಪೆಟ್ರೋಲ್ ಬೇರೆ. ನಮ್ಮ ಬಂಕ್‌ಗಳಲ್ಲಿ ಈಗ ಸಿಗುವುದು ಇ20, ನೂರಕ್ಕೆ 20 ಪಾಲು ಎಥನಾಲ್. ಶುದ್ಧ ಪೆಟ್ರೋಲಿನ 1 ಕೆ.ಜಿ. ಉರಿಯಲು ಗಾಳಿ ಸುಮಾರು 14.7 ಕೆ.ಜಿ. ಬೇಕು, ಎಥನಾಲ್‌ಗೆ 9 ಕೆ.ಜಿ. ಸಾಕು, ಇ20ಗೆ 13.5ರ ಹತ್ತಿರ. ಅದೇ ಜೆಟ್‌ನಲ್ಲಿ ಇ20 ಹರಿಸಿದರೆ ಶುದ್ಧ ಪೆಟ್ರೋಲಿಗೆ ಹೋಲಿಸಿ 7ರಿಂದ 8 ಶೇಕಡ ಲೀನ್ ಆದಂತೆ. ಎತ್ತರ 4 ಶೇಕಡ ರಿಚ್ ಮಾಡಿದರೆ ಎಥನಾಲ್ ಅದನ್ನು ತಿಂದು ಇನ್ನೂ 3, 4 ಶೇಕಡ ಲೀನ್ ಕಡೆಗೆ ಎಳೆಯುತ್ತದೆ. ಅಮೆರಿಕದವರು ಹೇಳುವ ಜೆಟ್ ನಂಬರ್ ಬಹುತೇಕ 10 ಶೇಕಡ ಎಥನಾಲ್ ಇರುವ ಪೆಟ್ರೋಲಿನದ್ದು. ಆ ಲೆಕ್ಕದಲ್ಲಿ ನಮ್ಮ ಎತ್ತರ ಮತ್ತು ನಮ್ಮ ಇ20 ಒಂದನ್ನೊಂದು ಹೊಡೆದುಹಾಕುತ್ತವೆ. ಅಂದರೆ ಎತ್ತರದ ಹೆಸರಿನಲ್ಲಿ ಇಲ್ಲಿ ಯಾರೂ ಜೆಟ್ ಇಳಿಸಬೇಕಾಗಿಲ್ಲ. ಇಳಿಸುವುದಾದರೆ ಪ್ಲಗ್ ನೋಡಿ ಇಳಿಸಬೇಕು.

ಸ್ಪ್ಯಾನರ್ ಹೇಳಿದ ಕ್ರಮವೇ ಸರಿ. ಸಂದಿ, ಫ್ಲೋಟ್, ಆಮೇಲೆ ಜೆಟ್.

ಹಿಪ್ಪುನೇರಳೆ, ಶಿಡ್ಲಘಟ್ಟ

ಇಬ್ಬರಿಗೂ ಧನ್ಯವಾದ. ಸೋಪಿನ ನೀರು ಹೊಡೆದಾಗ ಕ್ಲಾಂಪ್ ಜಾಗದಲ್ಲಿ ಎಂಜಿನ್ ಆಫ್ ಆಗೋ ಮಟ್ಟಕ್ಕೆ ಇಳೀತು. ಓ-ರಿಂಗ್ ಹಾಕಿ ಒಳಕ್ಕೆ ತಳ್ಳಿದೆ. ಈಗ ಬಿಸಿಯಲ್ಲೂ ರೈಸ್ ತಕ್ಷಣ ಇಳಿಯುತ್ತೆ. ಫ್ಲೋಟ್ ತೋಳು ಮೈ ಕಡೆಗೆ ತಗ್ಗಿತ್ತು, ಸಮಾನಾಂತರ ಮಾಡಿದೆ, ರಾತ್ರಿ ಕಲೆ ಇಲ್ಲ. ಆಯಿಲ್ 40 ಮಿ.ಲೀ., ಪ್ಲಗ್ ಹೊಸದು.

ಉಳಿದಿರೋದು ಇಷ್ಟು: ಕಾಲು ಭಾಗದಿಂದ ಮುಕ್ಕಾಲುವರೆಗೆ ಮಧ್ಯೆ ಮಧ್ಯೆ ಸ್ವಲ್ಪ ಗಡಗಡ, ಪೂರ್ತಿ ತೆಗೆದರೆ ಜಾಸ್ತಿ ಗಡಗಡ. ಪ್ಲಗ್ ಈಗಲೂ ಕಪ್ಪೇ, ಆದರೆ ಒದ್ದೆ ಇಲ್ಲ, ಬೆರಳಿಗೆ ಒಣ ಮಸಿ ಅಂಟುತ್ತೆ. ಇನ್ನೊಂದು ಪ್ರಶ್ನೆ: ಎರಡು ಸ್ಕ್ರೂ ಇರೋ ಬೇರೆ ಕಾರ್ಬೊರೇಟರ್ ಹಾಕಿದರೆ ಟ್ಯೂನಿಂಗ್ ಸುಲಭ ಆಗುತ್ತಾ?

ಬಂಗಾರಪೇಟೆ ಸ್ಪ್ಯಾನರ್

ಒಣ ಮಸಿ ಅಂದ್ರೆ ಪೆಟ್ರೋಲ್ ರಿಚ್. ಹೊಳೆಯೋ ಜಿಡ್ಡು ಇದ್ದಿದ್ದರೆ ಆಯಿಲ್ ಅಂತಿದ್ದೆ. ಈಗ ಟ್ಯೂನಿಂಗ್ ಶುರು ಮಾಡಬಹುದು.

ಮೊದಲು ಏರ್ ಫಿಲ್ಟರ್ ಸ್ಪಂಜ್ ತೊಳೀರಿ. ಎಣ್ಣೆ ಕುಡಿದು ಭಾರ ಆಗಿದ್ದರೆ ಅದೇ ಅರ್ಧ ಚೋಕ್ ಹಾಕಿದ ಹಾಗೆ. ಚೋಕ್ ತಗಡು ಪೂರ್ತಿ ತೆರೆಯುತ್ತಾ ಅಂತಾನೂ ಕಣ್ಣಾರೆ ನೋಡಿ, ಎನ್‌ಟಿಯಲ್ಲಿ ಲಿವರ್ ಸಡಿಲ ಆಗಿ ಗಾಡಿ ಅದುರಿದಾಗ ತಾನಾಗೇ ಅರ್ಧಕ್ಕೆ ಬಂದು ನಿಲ್ಲೋದುಂಟು.

ಎನ್‌ಟಿಯಲ್ಲಿ ಬೇರೆ ಪೈಲಟ್ ಜೆಟ್ (ಐಡ್ಲಿಂಗ್‌ಗೆ ಅಂತ ಇರೋ ಚಿಕ್ಕ ಜೆಟ್) ಇಲ್ಲ, ಏರ್ ಸ್ಕ್ರೂನೂ ಇಲ್ಲ. ಹೊರಗಿರೋ ಒಂದೇ ಸ್ಕ್ರೂ ಸ್ಲೈಡನ್ನ (ಎಕ್ಸಲೇಟರ್ ತಿರುಗಿಸಿದಾಗ ಮೇಲೆದ್ದು ಗಾಳಿದಾರಿ ತೆರೆಯೋ ತುಂಡು) ಎತ್ತಿ ಹಿಡಿಯೋದು ಮಾತ್ರ, ಅದನ್ನ ತಿರುಗಿಸಿ ಮಿಶ್ರಣ ಬದಲಾಗಲ್ಲ. ಮಿಶ್ರಣ ನಿಮ್ಮ ಕೈಯಲ್ಲಿರೋದು ಎರಡೇ ಕಡೆ. ಕಾಲು ಭಾಗದಿಂದ ಮುಕ್ಕಾಲು ಎಕ್ಸಲೇಟರ್‌ವರೆಗೆ ಸ್ಲೈಡ್‌ಗೆ ಸಿಕ್ಕಿಸಿರೋ ಸೂಜಿ (ಫ್ಲೋಟ್ ನೀಡಲ್ ಅಲ್ಲ), ಮುಕ್ಕಾಲು ದಾಟಿ ಪೂರ್ತಿವರೆಗೆ ಮೇನ್ ಜೆಟ್. ಜೆಟ್ ಮೊದಲು, ಸೂಜಿ ಆಮೇಲೆ, ಐಡ್ಲಿಂಗ್ ಸ್ಕ್ರೂ ಕೊನೆಗೆ. ಜೆಟ್ ಬದಲಾದರೆ ಸೂಜಿ ಜಾಗವೂ ಸ್ವಲ್ಪ ಬದಲಾಗುತ್ತೆ, ಅದಕ್ಕೇ ಈ ಕ್ರಮ.

ಪೂರ್ತಿ ಎಕ್ಸಲೇಟರ್‌ನಲ್ಲಿ ನಿಜವಾಗಿಯೂ ರಿಚ್ ಅಂತ ಖಾತ್ರಿ ಮಾಡಿಕೊಳ್ಳೋಕೆ ಕಾಸಿಲ್ಲದ ಪರೀಕ್ಷೆ ಇದೆ. ತೋಟದ ಉದ್ದ ದಾರಿಯಲ್ಲಿ ಪೂರ್ತಿ ತೆಗೆದು ಓಡಿಸ್ತಾ ಪೆಟ್ರೋಲ್ ಕಾಕ್ ಮುಚ್ಚಿ. ಬೌಲ್ ಖಾಲಿ ಆಗ್ತಾ ಬಂದ ಹಾಗೆ ಮಿಶ್ರಣ ಲೀನ್ ಕಡೆಗೆ ಜಾರುತ್ತೆ. ಆಫ್ ಆಗೋ ಮುಂಚೆ ಗಡಗಡ ನಿಂತು ಎಂಜಿನ್ ಒಮ್ಮೆ ನುಣ್ಣಗೆ ಜೋರಾಗಿ ಎಳೆದರೆ ಜೆಟ್ ದೊಡ್ಡದು. ನುಣ್ಣಗಾಗದೆ ಸೀದಾ ಸೊರಗಿದರೆ ಜೆಟ್ ಸರಿ ಇದೆ ಅಥವಾ ಚಿಕ್ಕದು. ಎಳೆತ ಬಂತು ಅಂತ ಖುಷಿಯಲ್ಲಿ ಹಾಗೇ ಹಿಡ್ಕೊಂಡು ಹೋಗಬೇಡಿ, ತಕ್ಷಣ ಎಕ್ಸಲೇಟರ್ ಬಿಡಿ, ಆ ಹೊತ್ತಲ್ಲಿ ಆಯಿಲ್ ಕೂಡ ಬರ್ತಿರಲ್ಲ. ಉಲ್ಟಾ ಪರೀಕ್ಷೆ ಚೋಕ್‌ದು: ತೊಂದರೆ ಇರೋ ಎಕ್ಸಲೇಟರ್ ಮಟ್ಟದಲ್ಲಿ ಚೋಕ್ ಸ್ವಲ್ಪ ಹಾಕಿದಾಗ ಸುಧಾರಿಸಿದರೆ ಲೀನ್, ಕೆಟ್ಟರೆ ರಿಚ್.

ಆಮೇಲೆ ಪ್ಲಗ್ ಓದೋದು. ಐಡ್ಲಿಂಗ್‌ನಲ್ಲಿ ಮನೆಗೆ ತಂದು ಬಿಚ್ಚಿದ ಪ್ಲಗ್ ಜೆಟ್ ಬಗ್ಗೆ ಏನೂ ಹೇಳಲ್ಲ. ಹೊಸ ಅಥವಾ ಪೂರ್ತಿ ಶುಭ್ರ ಮಾಡಿದ ಪ್ಲಗ್ ಹಾಕಿ, ಎಂಜಿನ್ ಬಿಸಿ ಇರುವಾಗ ಪೂರ್ತಿ ಎಕ್ಸಲೇಟರ್‌ನಲ್ಲಿ 400, 500 ಮೀಟರ್ ಓಡಿಸಿ, ಎಕ್ಸಲೇಟರ್ ಬಿಡೋದಕ್ಕೆ ಮುಂಚೆ ಕಿಲ್ ಸ್ವಿಚ್ ಒತ್ತಿ, ಅದೇ ಗಳಿಗೆಗೆ ಕ್ಲಚ್ ಹಿಡಿದು ನಿಲ್ಲಿಸಿ, ಅಲ್ಲೇ ಬಿಚ್ಚಿ. ಪಿಂಗಾಣಿಯ ತುದಿ ನೋಡಬೇಡಿ, ಬುಡದಲ್ಲಿ ಲೋಹಕ್ಕೆ ಸೇರೋ ಜಾಗದಲ್ಲಿ ಒಂದು ಉಂಗುರ ಕಾಣುತ್ತೆ, ಟಾರ್ಚ್ ಹಿಡಿದು ಅದನ್ನ ನೋಡಿ. ಹುರಿದ ಕಾಫಿ ಬೀಜದ ಕಂದು ಇದ್ದರೆ ಚೆನ್ನ. ಕಪ್ಪು ಮಸಿಯಾದರೆ ರಿಚ್. ಉಂಗುರವೇ ಇಲ್ಲದೆ ಬೆಳ್ಳಗಿದ್ದರೆ ಅವತ್ತು ಇನ್ನು ಓಡಿಸಬೇಡಿ.

ಈ ಓಟ ಸೊಪ್ಪಿನ ಮೂಟೆ ಇಟ್ಟುಕೊಂಡೇ ಮಾಡಿ. ಖಾಲಿ ಸೈಕಲ್‌ನಲ್ಲಿ ಸರಿ ಬಂದ ಜೆಟ್ ಭಾರ ಬಿದ್ದಾಗ ಲೀನ್ ಆಗಿ ಕಾಯಿಸಬಹುದು.

ಸೂಜಿಯ ತಲೆಯಲ್ಲಿ ನಾಲ್ಕೋ ಐದೋ ಕಚ್ಚು ಇರುತ್ತೆ, ಒಂದರಲ್ಲಿ ಸಣ್ಣ ಕ್ಲಿಪ್. ಕ್ಲಿಪ್ ಮೇಲಿನ ಕಚ್ಚಿಗೆ ಹೋದರೆ ಸೂಜಿ ಕೆಳಗಿಳಿಯುತ್ತೆ, ಲೀನ್. ಕ್ಲಿಪ್ ಕೆಳಗಿನ ಕಚ್ಚಿಗೆ ಬಂದರೆ ಸೂಜಿ ಏರುತ್ತೆ, ರಿಚ್. ಇಲ್ಲಿ ಉಲ್ಟಾ ಮಾಡಿಕೊಂಡು ಒದ್ದಾಡೋರೇ ಜಾಸ್ತಿ. ಒಂದು ಸಲಕ್ಕೆ ಒಂದೇ ಕಚ್ಚು. ಕ್ಲಿಪ್ ಹಾರಿ ಹೋಗುತ್ತೆ, ತಟ್ಟೆಯಲ್ಲಿ ಬಟ್ಟೆ ಹಾಸಿ ಬಿಚ್ಚಿ. ವಾಷರ್‌ಗಳು ಯಾವ ಕ್ರಮದಲ್ಲಿದ್ದವು ಅಂತ ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ವಾಪಸ್ ಕೂರಿಸುವಾಗ ಹುಷಾರು. ಸ್ಲೈಡ್‌ನ ಓರೆ ಕತ್ತರಿಸಿದ ಬಾಯಿ ಏರ್ ಫಿಲ್ಟರ್ ಕಡೆಗೆ ಇರಬೇಕು, ಸ್ಲೈಡ್ ಪಕ್ಕದಲ್ಲಿ ಕೊರೆದ ಗೀರು ಐಡ್ಲಿಂಗ್ ಸ್ಕ್ರೂ ಕಡೆಗೆ. ಉಲ್ಟಾ ಕೂತರೆ ಸ್ಲೈಡ್ ಪೂರ್ತಿ ಕೆಳಗಿಳಿಯಲ್ಲ, ಸ್ಟಾರ್ಟ್ ಆದ ಕೂಡಲೇ ಎಂಜಿನ್ ಕೂಗಿಕೊಳ್ಳುತ್ತೆ. ಮುಚ್ಚಳ ಬಿಗಿಸಿದ ಮೇಲೆ ಎಕ್ಸಲೇಟರ್ ತಿರುಗಿಸಿ ಬಿಟ್ಟು, ಸ್ಲೈಡ್ ಟಕ್ ಅಂತ ತಳ ಮುಟ್ಟೋ ಶಬ್ದ ಕೇಳಿದ ಮೇಲೇ ಸ್ಟಾರ್ಟ್ ಮಾಡಿ. ಹ್ಯಾಂಡಲ್ ಎರಡೂ ಕಡೆಗೆ ತಿರುಗಿಸಿದಾಗಲೂ ಕೇಳಬೇಕು, ಕೇಬಲ್ ಬಿಗಿಯಾಗಿದ್ದರೆ ತಿರುವಿನಲ್ಲಿ ರೈಸ್ ಏರುತ್ತೆ.

ಗೌರಿಬಿದನೂರು ಟೂ-ಸ್ಟ್ರೋಕ್

ಎರಡು ಸ್ಕ್ರೂ ಕಾರ್ಬೊರೇಟರ್ ಬಗ್ಗೆ ಕೇಳಿದ್ದಿರಿ. ಐಡ್ಲಿಂಗ್ ಮತ್ತು ಸ್ವಲ್ಪ ಎಕ್ಸಲೇಟರ್‌ನಲ್ಲಿ ಅದು ಚೆನ್ನಾಗಿ ಹಿಡಿತಕ್ಕೆ ಬರುತ್ತದೆ, ಯಾಕೆಂದರೆ ಅದರಲ್ಲಿ ಪೈಲಟ್ ಜೆಟ್ ಬೇರೆ ಇರುತ್ತದೆ. ಆದರೆ ನಿಮ್ಮ ತೊಂದರೆ ಇರುವುದು ಮೇಲಿನ ಅರ್ಧದಲ್ಲಿ. ಅಲ್ಲಿ ಆ ಕಾರ್ಬೊರೇಟರ್‌ಗೂ ಸೂಜಿ, ಮೇನ್ ಜೆಟ್ಟೇ ಗತಿ. ಮೂಟೆ ಸಾಗಿಸುವ ಕೆಲಸಕ್ಕೆ ಎನ್‌ಟಿ ಸಾಕು, ಬಿಡಿಭಾಗ ಕಡಿಮೆ, ಕೆಡುವುದೂ ಕಡಿಮೆ.

ಆದರೂ ಹಾಕುವುದಾದರೆ ಒಂದು ವಿಷಯ ಗೊತ್ತಿರಲಿ. ಚಿಕ್ಕ ಸ್ಕ್ರೂ ಏರ್ ಫಿಲ್ಟರ್ ಕಡೆ ಇದ್ದರೆ ಅದು ಗಾಳಿ ಸ್ಕ್ರೂ, ಬಿಚ್ಚಿದಷ್ಟೂ ಲೀನ್. ಎಂಜಿನ್ ಕಡೆ ಇದ್ದರೆ ಪೆಟ್ರೋಲ್ ಸ್ಕ್ರೂ, ಬಿಚ್ಚಿದಷ್ಟೂ ರಿಚ್. ಮೆಲ್ಲಗೆ ತಳ ಮುಟ್ಟುವವರೆಗೆ ಬಿಗಿಸಿ, ಅಲ್ಲಿಂದ ಒಂದೂವರೆ ಸುತ್ತು ಬಿಚ್ಚಿ ಶುರು ಮಾಡಿ, ಬಿಸಿ ಎಂಜಿನ್‌ನಲ್ಲಿ ಕಾಲು ಕಾಲು ಸುತ್ತು ತಿರುಗಿಸಿ ರೈಸ್ ಎಲ್ಲಿ ಅತಿ ಹೆಚ್ಚು ಎಂದು ಹುಡುಕಿ. ಆಮೇಲೆ ದೊಡ್ಡ ಸ್ಕ್ರೂನಿಂದ ರೈಸ್ ಇಳಿಸಿ. ತಳಕ್ಕೆ ಜೋರಾಗಿ ಬಿಗಿಸಿದರೆ ಸ್ಕ್ರೂನ ಚೂಪು ಮುರಿದು ಕಿಂಡಿಯಲ್ಲೇ ಉಳಿಯುತ್ತದೆ.

80 ಸಿಸಿ ಎಂದು ಮಾರಿದ ಎಂಜಿನ್ ಬೋರ್ 47 ಮಿ.ಮೀ., ಸ್ಟ್ರೋಕ್ 38 ಮಿ.ಮೀ. ಇದ್ದರೆ 66 ಸಿಸಿ ಆಗುತ್ತದೆ. ಮೋಟಾರು ವಾಹನ ಕಾಯ್ದೆ 1988ರಲ್ಲಿ ನಾಲ್ಕಕ್ಕಿಂತ ಕಡಿಮೆ ಚಕ್ರದ ವಾಹನಕ್ಕೆ ವಿನಾಯಿತಿ ಇರುವುದು ಎಂಜಿನ್ 25 ಸಿಸಿ ಮೀರದಿದ್ದರೆ ಮಾತ್ರ. ನೀವು ತೋಟದ ಒಳಗೇ ಓಡಿಸುತ್ತಿರುವುದು ಸರಿ. ಟ್ಯೂನಿಂಗ್ ಪರೀಕ್ಷೆಗೆ ಅಂತಲೂ ಮುಖ್ಯ ರಸ್ತೆಗೆ ಇಳಿಸಬೇಡಿ. ರಿಜಿಸ್ಟ್ರೇಷನ್ ಇಲ್ಲ, ಇನ್ಶೂರೆನ್ಸ್ ಇಲ್ಲ, ಸೈಕಲ್ ಬ್ರೇಕ್ ಆ ವೇಗಕ್ಕೆ ಮಾಡಿದ್ದೂ ಅಲ್ಲ.

ಹಿಪ್ಪುನೇರಳೆ, ಶಿಡ್ಲಘಟ್ಟ

ಕಾಕ್ ಮುಚ್ಚಿದಾಗ ಕೊನೆಗೆ ನುಣ್ಣಗೆ ಎಳೀತು, ಮೂಟೆ ಇದ್ದರೂ. ಅಂದ್ರೆ ಜೆಟ್ ದೊಡ್ಡದೇ. ಜೆಟ್ ಮೇಲೆ 70 ಅಂತ ಇದೆ. 65 ಹಾಕಲಾ? ಇಲ್ಲಿ ಯಾವ ಅಂಗಡಿಯಲ್ಲೂ ಇದು ಇಲ್ಲ.

ಕೋಲಾರ ಲೇತ್

ಅಚ್ಚಾಗಿರುವ ನಂಬರ್ (70 ಎಂದರೆ 0.70 ಮಿ.ಮೀ. ಕಿಂಡಿ) ನಂಬಬೇಡಿ, ಕಿಂಡಿ ಅಳೆಯಿರಿ. 0.70 ಮಿ.ಮೀ. ಡ್ರಿಲ್ ಬಿಟ್‌ನ ನುಣುಪು ಹಿಡಿಕೆ ಭಾಗ ಅಷ್ಟೇ ದಪ್ಪ ಇದ್ದರೆ ಅದನ್ನೇ ಗೇಜ್‌ನಂತೆ ಬಳಸಬಹುದು. ಅದು ಸಡಿಲವಾಗಿ ಒಳಹೋಗಿ 0.75 ಕೂಡ ಹಿಡಿಸಿದರೆ ನಿಮ್ಮ 70 ನಿಜಕ್ಕೂ 75. ನೀವು ಹೇಳುತ್ತಿರುವ ಗಡಗಡಕ್ಕೆ ಅದು ಹೊಂದುತ್ತದೆ. ಕಿಟ್ ಜೆಟ್‌ಗಳಲ್ಲಿ ಹೀಗೆ ಆಗುವುದಕ್ಕೆ ಇನ್ನೊಂದು ಕಾರಣ, ಕಟ್ಟಿಕೊಂಡಾಗ ಯಾರಾದರೂ ತಂತಿ ಹಾಕಿ ಚುಚ್ಚಿರುವುದು. ಹಿತ್ತಾಳೆ ಮೆದು, ಸ್ಟೀಲ್ ತಂತಿ ಒಮ್ಮೆ ಆಡಿದರೂ ಕಿಂಡಿ ಅಗಲ. ಜೆಟ್ ಕಟ್ಟಿಕೊಂಡರೆ ಪೆಟ್ರೋಲ್‌ನಲ್ಲಿ ನೆನೆಸಿ, ಪಂಕ್ಚರ್ ಅಂಗಡಿಯ ಗಾಳಿ ಹೊಡೆಸಿ, ಅಷ್ಟೇ.

0.70ರಿಂದ 0.65 ಎಂದರೆ ಕೇವಲ 0.05 ಎಂದು ಕಾಣುತ್ತದೆ. ಪೆಟ್ರೋಲ್ ಹರಿಯುವುದು ಕಿಂಡಿಯ ವಿಸ್ತೀರ್ಣದ ಲೆಕ್ಕದಲ್ಲಿ, ಅದು ವ್ಯಾಸದ ವರ್ಗ. 0.65ಕ್ಕೆ ಇಳಿದರೆ ಹರಿವು ಸುಮಾರು 14 ಶೇಕಡ ಕಡಿಮೆ. ಇ20 ಈಗಾಗಲೇ ಲೀನ್ ಕಡೆ ಎಳೆಯುತ್ತಿರುವಾಗ ನಿಜವಾದ 0.70ರಿಂದ ಒಂದೇ ಏಟಿಗೆ ಅಷ್ಟು ಇಳಿಸುವುದು ಪಿಸ್ಟನ್‌ಗೆ ಅಪಾಯ. ನಿಮ್ಮದು ಅಳತೆಯಲ್ಲಿ 0.75 ಬಂದರೆ 0.70ಕ್ಕೆ ಬನ್ನಿ. ನಿಜವಾಗಿ 0.70 ಇದ್ದರೆ ಮೊದಲು ಸೂಜಿಯ ಕ್ಲಿಪ್ ಒಂದು ಕಚ್ಚು ಮೇಲಕ್ಕೆ ಹಾಕಿ ಸೈಲೆನ್ಸರ್‌ನ ಬಾಯಲ್ಲಿ ಕಾರ್ಬನ್ ಕಟ್ಟಿದೆಯೇ ನೋಡಿ. ಹೊಗೆ ಹೊರಹೋಗದಿದ್ದರೂ ಪೂರ್ತಿ ಎಕ್ಸಲೇಟರ್‌ನಲ್ಲಿ ಹೀಗೇ ಕಟ್ಟಿಹಾಕಿದಂತೆ ಆಗುತ್ತದೆ.

ಜೆಟ್ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಬಹುದು, ಹಳೆಯದನ್ನು ಕೈಯಲ್ಲಿ ಹಿಡಿದು ಹೋಗಿ. ಥ್ರೆಡ್‌ನ ಪಿಚ್, ಉದ್ದ, ತಲೆ ಮೂರೂ ಹೊಂದಬೇಕು. ಸಿಗದಿದ್ದರೆ ಇರುವುದನ್ನೇ ಮುಚ್ಚಿ ಮತ್ತೆ ಕೊರೆಯಬಹುದು. ಜೆಟ್ಟನ್ನು ಪೆಟ್ರೋಲ್‌ನಲ್ಲಿ ತೊಳೆದು ಒಣಗಿಸಿ, ಕಿಂಡಿಗೆ ಸ್ವಲ್ಪ ಫ್ಲಕ್ಸ್ ಹಚ್ಚಿ, ಸೋಲ್ಡರಿಂಗ್ ಕಬ್ಬಿಣವನ್ನು ಜೆಟ್‌ನ ಮೈಗೆ ಹಿಡಿದು ಅದು ಕಾದ ಮೇಲೆ ಸೋಲ್ಡರ್ ಮುಟ್ಟಿಸಿ. ತಾನಾಗಿ ಒಳಕ್ಕೆ ಎಳೆದುಕೊಳ್ಳಬೇಕು. ತಣ್ಣಗಾದ ಮೇಲೆ ಪಿನ್ ವೈಸ್‌ನಲ್ಲಿ (ಸಣ್ಣ ಬಿಟ್ ಹಿಡಿಯುವ ಕೈ ಹಿಡಿಕೆ) 0.60 ಬಿಟ್ ಹಿಡಿದು ಕೈಯಿಂದಲೇ ತಿರುಗಿಸಿ ಹಾಯಿಸಿ, ಆಮೇಲೆ 0.65, ಬೇಕಾದರೆ 0.70. ಬಿಟ್‌ಗಳು ಎಸ್.ಪಿ. ರಸ್ತೆಯಲ್ಲಿ ಪಿಸಿಬಿ ಕೊರೆಯುವ ಸಾಮಾನಿನ ಜೊತೆ ಸಿಗುತ್ತವೆ. ಕಾರ್ಬೈಡ್ ಬಿಟ್ ಕೈ ಸ್ವಲ್ಪ ವಾಲಿದರೂ ಮುರಿಯುತ್ತದೆ, ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಕೇಳಿ ತನ್ನಿ. ವಿದ್ಯುತ್ ಡ್ರಿಲ್ ಹಾಕಬೇಡಿ, ಕಿಂಡಿ ಓರೆಯಾಗುತ್ತದೆ. ಕೊನೆಗೆ ಎರಡೂ ಬಾಯಲ್ಲಿ ಪುಡಿ ಉಳಿಯದಂತೆ ಗಾಳಿ ಹೊಡೆಸಿ.

ಹೊಸ ಅಳತೆಯ ಜೆಟ್ ಹಾಕಿದ ಮೇಲೆ ಸ್ಪ್ಯಾನರ್ ಹೇಳಿದ ಹಾಗೆ ಪ್ಲಗ್ ಓದಿ. ಎಥನಾಲ್ ಮಸಿ ಕಡಿಮೆ ಬಿಡುವುದರಿಂದ ಇ20ಯಲ್ಲಿ ಉಂಗುರ ಹಳೆಯ ಪೆಟ್ರೋಲಿನಷ್ಟು ಗಾಢವಾಗಿ ಬರುವುದಿಲ್ಲ. ತಿಳಿ ಕಂದು ಬಂದರೆ ಅಲ್ಲಿಗೆ ನಿಲ್ಲಿಸಿ, ಇನ್ನೂ ಚಿಕ್ಕದು ಮಾಡಲು ಹೋಗಬೇಡಿ.

ಪರೀಕ್ಷೆಯ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಏಪ್ರಿಲ್ ಮಧ್ಯಾಹ್ನದ 36 ಡಿಗ್ರಿ ಬಿಸಿಲಿನಲ್ಲಿ ಗಾಳಿ ತೆಳು, ಮಾಗಿ ಚಳಿಯ ಬೆಳಗ್ಗೆ 14 ಡಿಗ್ರಿಯಲ್ಲಿ ಅದೇ ಗಾಳಿ 7 ಶೇಕಡಕ್ಕೂ ಹೆಚ್ಚು ಸಾಂದ್ರ. ಮಿಶ್ರಣ ಸುಮಾರು 4 ಶೇಕಡ ಲೀನ್ ಕಡೆಗೆ ಹೋಗುತ್ತದೆ. ಸೊಪ್ಪು ಕೊಯ್ದು ಸಾಗಿಸುವುದು ಬೆಳಗ್ಗೆ ತಂಪು ಹೊತ್ತಿನಲ್ಲೇ ಅಲ್ಲವೇ, ಜೆಟ್ಟನ್ನೂ ಆ ಹೊತ್ತಿನಲ್ಲೇ ನಿಗದಿ ಮಾಡಿ. ಮಧ್ಯಾಹ್ನ ಒಂದಿಷ್ಟು ಗಡಗಡ ಎಂದರೂ ಪರವಾಗಿಲ್ಲ.

ಬಂಗಾರಪೇಟೆ ಸ್ಪ್ಯಾನರ್

ಲೇತ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಒಂದು ಬೆಳೆ ಮುಗಿದು ಇನ್ನೊಂದು ಚಾಕಿ (ಎಳೆ ಹುಳ) ಬರೋವರೆಗೆ ಗಾಡಿ ಸುಮ್ಮನೆ ನಿಂತಿರುತ್ತೆ ಅಂದ್ರೆ ಕಾಕ್ ಮುಚ್ಚಿ ಬೌಲ್ ಖಾಲಿ ಮಾಡಿಡಿ. ಇ20 ಗಾಳಿಯ ತೇವ ಎಳೆದುಕೊಳ್ಳುತ್ತೆ, ನೀರು ಜಾಸ್ತಿ ಆದರೆ ಎಥನಾಲ್ ಸಮೇತ ಬೇರ್ಪಟ್ಟು ತಳಕ್ಕೆ ಕೂರುತ್ತೆ, ಜೆಟ್ ಇರೋದೂ ತಳದಲ್ಲೇ. ಬೌಲ್‌ನಲ್ಲೇ ಆರಿದರೆ ಪೆಟ್ರೋಲ್ ಹಾರಿ ಆಯಿಲ್ ಅಂಟು ಮಾತ್ರ ಉಳಿಯುತ್ತೆ. ಮಿಕ್ಸ್ ಕೂಡ ಆ ವಾರಕ್ಕೆ ಬೇಕಾದಷ್ಟೇ ಮಾಡಿ. ಕ್ಯಾನ್‌ಗೆ ಮೊದಲು ಆಯಿಲ್, ಮೇಲೆ ಅರ್ಧ ಪೆಟ್ರೋಲ್, ಕುಲುಕಿ, ಆಮೇಲೆ ಉಳಿದದ್ದು. ಟ್ಯಾಂಕ್‌ಗೆ ನೇರ ಆಯಿಲ್ ಸುರಿದರೆ ಅದು ಕಾಕ್ ಹತ್ತಿರ ಕೂತು ಮೊದಲ ಅರ್ಧ ಕಿಲೋಮೀಟರ್ ಬರೀ ಹೊಗೆ, ಆಮೇಲೆ ಆಯಿಲ್ ಇಲ್ಲದ ಪೆಟ್ರೋಲ್.

ಪೈಪ್ ಕೂಡ ನೋಡ್ತಿರಿ. ಕಿಟ್ ಜೊತೆ ಬಂದ ಪೈಪ್ ಇ20ಯಲ್ಲಿ ಊದಿ ಮೆತ್ತಗಾಗುತ್ತೆ ಅಥವಾ ಗಟ್ಟಿಯಾಗಿ ಬಿರುಕು ಬಿಡುತ್ತೆ. ಒಳಗೆ ಊದಿದರೆ ಪೂರ್ತಿ ಎಕ್ಸಲೇಟರ್‌ನಲ್ಲಿ ಪೆಟ್ರೋಲ್ ಸಾಲದೆ ಲೀನ್ ಆಗುತ್ತೆ, ನೀವು ಜೆಟ್ ಕಡೆ ಬೆರಳು ತೋರಿಸ್ತೀರಿ. ಕಾರ್ಬೊರೇಟರ್ ಕಡೆ ಪೈಪ್ ತೆಗೆದು ಬಾಟಲಿಗೆ ಹಿಡಿದು ಕಾಕ್ ತೆರೆದರೆ ಧಾರೆ ಒಂದೇ ಸಮ ಬರಬೇಕು. ಎಂಜಿನ್ ತಣ್ಣಗಿದ್ದಾಗ ಮಾಡಿ, ಹತ್ತಿರ ಬೀಡಿ ಹಚ್ಚಿದವರು ಇರದ ಹಾಗೆ ನೋಡಿಕೊಳ್ಳಿ. ತೊಟ್ಟಿಕ್ಕಿದರೆ ಟ್ಯಾಂಕ್ ಮುಚ್ಚಳ ತೆಗೆದು ಮತ್ತೆ ನೋಡಿ. ಆಗ ಧಾರೆ ಸರಿಯಾದರೆ ಮುಚ್ಚಳದ ಗಾಳಿ ಕಿಂಡಿ ಮುಚ್ಚಿದೆ, ಪಿನ್ನಿನಿಂದ ಬಿಡಿಸಿ.

0.70 ಬಂದ ಮೇಲೆ ಉಂಗುರದ ಫೋಟೊ ಹಾಕಿ ಅಣ್ಣ, ಕ್ಲಿಪ್ ಯಾವ ಕಚ್ಚಿನಲ್ಲಿದೆ ಅಂತಾನೂ ಬರೀರಿ. ನೋಡಿ ಸೂಜಿ ಹೇಳ್ತೀನಿ.